ಬೆಸುಗೆ ಹರಿಯುವ ಕಡೆ

"ಇನ್ನೂ ಸ್ವಲ್ಪ ಕೆಂಪಾಗಲಿ," ಎಂದ ಗಂಡ, ಬೆಸುಗೆಯ ಕಡ್ಡಿಯನ್ನು ಎತ್ತಿ ಹಿಡಿದುಕೊಂಡು.

ಕೆಂಪು ಬೇಕಾದಷ್ಟು ಏರಿತ್ತು. ಅವನು ಕಾಯುತ್ತಿದ್ದುದು ತನ್ನ ಕೈ ನಡುಗದೆ ನಿಲ್ಲಲಿ ಎಂದು. ಅದು ಹೆಂಡತಿಗೆ ಗೊತ್ತಿತ್ತು. ಅವನಿಗೆ ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಕಡ್ಡಿಯ ತುದಿ ತಾಮ್ರದ ಕೊಳವೆಯ ಸುತ್ತ ನೊಣದ ಹಾಗೆ ಸುಳಿದಾಡಿ, ಕೂಡಬೇಕಾದ ಸಂದಿಯನ್ನು ಬಿಟ್ಟು ಒಂದು ಬೆರಳು ಆಚೆ ತಗುಲಿತು. ಬೆಳ್ಳಿ ಬೆಸುಗೆಯ ಹನಿ ಅಲ್ಲೇ ಗಟ್ಟಿಯಾಗುವ ಮೊದಲು ಅವಳು ಗ್ಯಾಸ್ ಬರ್ನರಿನ ಮೂತಿಯನ್ನು ಇಷ್ಟೇ ಇಷ್ಟು ಸಂದಿಯ ಕಡೆಗೆ ತಿರುಗಿಸಿದಳು. ಹನಿ ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ನಿಂತಿತು. ಆಮೇಲೆ ಸರಕ್ಕನೆ ಹರಿದು ಕೊಳವೆಯ ಸುತ್ತ ಉಂಗುರವಾಗಿ ಕೂತಿತು.

"ನೋಡಿದ್ಯಾ?" ಅವನು ಕನ್ನಡಕವನ್ನು ಹಣೆಗೇರಿಸಿದ. "ಹುಟ್ಟಿದಾಗಿನಿಂದ ಅಲ್ಲೇ ಇತ್ತೇನೋ ಅನ್ನೋ ಹಾಗೆ ಕೂತಿದೆ."

"ಹೂಂ, ಚೆನ್ನಾಗಿ ಕೂತಿದೆ," ಎಂದು ಅವಳು ಬೆಂಕಿ ಆರಿಸಿದಳು.

ಕಾದ ಲೋಹದ ಗುಣವೇ ಹಾಗೆ. ಬೆಸುಗೆ ಕಡ್ಡಿ ಮುಟ್ಟಿದಲ್ಲಿ ನಿಲ್ಲುವುದಿಲ್ಲ, ಬಿಸಿ ಕರೆದ ಕಡೆ ಹೋಗುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಅವಳಿಗೆ ಹೇಳಿಕೊಟ್ಟವನು ಅವನೇ. ಆ ತಗಡಿನ ಅಂಗಡಿಯಲ್ಲಿ ಅಂದಿನಿಂದಲೂ ಕೆಲಸ ಹಾಗೆ ಹಂಚಿಹೋಗಿತ್ತು. ಕತ್ತರಿ, ಸುತ್ತಿಗೆ, ಕಡ್ಡಿ ಅವನವು, ಬೆಂಕಿ ಅವಳದು. ಆಲಿಕೆ, ಬಕೆಟ್ಟು, ಎಣ್ಣೆಡಬ್ಬಿ, ಹೊಗೆಕೊಳವೆ, ಆ ಬೀದಿಯಲ್ಲಿ ಯಾರ ಮನೆಗೆ ಹೋದರೂ ಇವರ ಕೈಯಿಂದ ಬಂದದ್ದು ಒಂದಾದರೂ ಇರುತ್ತಿತ್ತು. ಕೆಲಸದ ನಡುವೆ ಅವರು ಮಾತಾಡುತ್ತಿದ್ದದ್ದು ಕಡಿಮೆ. ಅವನು ಹುಬ್ಬು ಎತ್ತಿದರೆ ಬೆಂಕಿ ಹತ್ತಿರ ಬರುತ್ತಿತ್ತು, ತುಟಿ ಬಿಗಿದರೆ ದೂರ ಸರಿಯುತ್ತಿತ್ತು. ಒಂದೇ ಮೈಗೆ ನಾಲ್ಕು ಕೈ ಎಂದು ಗಿರಾಕಿಗಳು ನಗೆಯಾಡುತ್ತಿದ್ದರು.

ಪ್ಲಾಸ್ಟಿಕ್ ಬಂದು ತಗಡಿನ ಬಕೆಟ್ಟನ್ನು ಮೂಲೆಗೆ ತಳ್ಳಿದ ಮೇಲೆ ಅವನಿಗೆ ಹೊತ್ತು ಉಳಿಯತೊಡಗಿತು. ಹಾಗೆ ಶುರುವಾದದ್ದು ಈ ಉಗಿಬಂಡಿ, ಹಳೆಯ ರೈಲು ಎಂಜಿನ್ನಿನ ಪುಟ್ಟ ಮಾದರಿ. ನೀರು ತುಂಬಲಿಕ್ಕೋ ಎಣ್ಣೆ ಸುರಿಯಲಿಕ್ಕೋ ಅಲ್ಲದ, ತನ್ನಷ್ಟಕ್ಕೆ ತಾನು ನಡೆಯುವ ಒಂದು ವಸ್ತುವನ್ನು ಜೀವಮಾನದಲ್ಲಿ ಒಮ್ಮೆಯಾದರೂ ಮಾಡಬೇಕು ಎಂಬ ಆಸೆ ಅವನಿಗೆ ಎಲ್ಲಿಂದ ಹೊಕ್ಕಿತೋ. ಪೇಟೆಯಿಂದ ಒಂದು ಚಕ್ರವನ್ನೂ ಕೊಂಡು ತರಲಿಲ್ಲ. ಉಕ್ಕಿನ ಹಾಳೆಯಿಂದ ಎರಡು ಪಕ್ಕೆಗಳನ್ನು ಕತ್ತರಿಸಿ ಚೌಕಟ್ಟು ಕಟ್ಟಿದ. ಹಿತ್ತಾಳೆಯ ತಗಡನ್ನು ಮಡಿಸಿ ಚಾಲಕನ ಗೂಡು ಮಾಡಿದ. ತಗಡಿನ ಒಳಮೈಗೆ ಮೊಳೆ ಇಟ್ಟು ತಟ್ಟಿ ತಟ್ಟಿ, ಹೊರಗೆ ಸಾಸಿವೆ ಸಾಲಿನಂತೆ ರಿವೆಟ್ಟಿನಂಥ ಉಬ್ಬುಗಳನ್ನು ಎಬ್ಬಿಸಿದ. ಚಕ್ರದ ಅರಗಳನ್ನು ಒಂದೊಂದಾಗಿ ಉಜ್ಜಿ ರೂಪಿಸಿದ. ಈಗ ಅದು ಎರಡು ಮೊಳ ಉದ್ದಕ್ಕೆ ಕೆಲಸದ ಮೇಜಿನ ಮೇಲೆ ನಿಂತಿತ್ತು. ಬೆನ್ನ ಮೇಲೆ ಬಾಯ್ಲರ್ ಒಂದು ಕೂತರೆ ಮುಗಿಯಿತು.

ನಡುಕ ಬಂದದ್ದು ಇದರ ನಡುವೆ, ಯಾವಾಗ ಎಂದು ಹೇಳಲಾಗದ ಹಾಗೆ. ಸುತ್ತಿಗೆ ಎತ್ತಿದರೆ ಮಾಯವಾಗುತ್ತಿತ್ತು. ಕೈ ಹಗುರಾಗಿ ನಿಲ್ಲಬೇಕಾದಾಗ ಮಾತ್ರ ಬರುತ್ತಿತ್ತು. ಮೊದಲ ಸಲ ಕಡ್ಡಿ ತಪ್ಪಿದಾಗ ಅವಳ ಕೈ ತಾನಾಗಿಯೇ ಬೆಂಕಿಯನ್ನು ಸರಿಸಿತ್ತು, ಎಡವಿದವನ ತೋಳನ್ನು ಪಕ್ಕದಲ್ಲಿದ್ದವರು ಹಿಡಿದ ಹಾಗೆ. ಅದರಲ್ಲಿ ಕಪಟವೇನಿರಲಿಲ್ಲ. ಎರಡನೆಯ ಸಲವೂ ಹಾಗೆಯೇ. ಆಮೇಲೆ ಅದೇ ಅಭ್ಯಾಸವಾಯಿತು. ಅವನ ಕಡ್ಡಿ ಎಲ್ಲಿ ಬೀಳುತ್ತದೆಂದು ಅವಳು ಮೊದಲೇ ಊಹಿಸಿ ಬೆಂಕಿಯನ್ನು ಸಿದ್ಧವಾಗಿಡುತ್ತಿದ್ದಳು. ಅವಳು ಒಂದು ಸುಳ್ಳನ್ನೂ ಆಡಿರಲಿಲ್ಲ. ಬಾಯಿ ಆಡದ ಸುಳ್ಳನ್ನು ಕೈ ಆಡುತ್ತಿದೆಯಲ್ಲ ಎಂದು ಹೊಳೆದದ್ದು ಮಗಳು ಬಂದ ದಿನ.

ಮಗಳು ಆಸ್ಪತ್ರೆಯಲ್ಲಿ ದಾದಿ. ಅಪ್ಪ ಎತ್ತಿಕೊಂಡ ಬಟ್ಟಲು ತಟ್ಟೆಗೆ ಬಡಿಯುವುದನ್ನು ನೋಡಿದವಳೇ ಮುಖ ಗಂಭೀರ ಮಾಡಿಕೊಂಡಳು. ಇದಕ್ಕೆ ಔಷಧಿ ಇದೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು, ನರದ ಡಾಕ್ಟರಿಗೆ ತೋರಿಸೋಣ ಎಂದು ಪರಿಪರಿಯಾಗಿ ಹೇಳಿದಳು. ಅವನು ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಎದ್ದುಹೋಗಿ, ಬಾಯ್ಲರಿನ ಒಳಗೂಡನ್ನು ತಂದು ಅವಳ ಮಡಿಲಲ್ಲಿಟ್ಟ. ತೂತು ಕೊರೆದ ತಾಮ್ರದ ತಟ್ಟೆಯೊಂದರಲ್ಲಿ ಸಾಲಾಗಿ ಹೊಕ್ಕ ಕೊಳವೆಗಳು. ಪ್ರತಿಯೊಂದರ ಕೊರಳಿಗೂ ಕೂದಲೆಳೆಯಷ್ಟು ಬೆಳ್ಳಿಯ ಉಂಗುರ.

"ಕೈ ನಡುಗೋನು ಮಾಡೋ ಕೆಲಸವೇನೇ ಇದು? ನೀನೇ ಹೇಳು."

ಮಗಳು ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿದಳು. ಅವನು ಗೆದ್ದ ಹುಡುಗನಂತೆ ನಕ್ಕ. ಹೆಂಡತಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋಗಿ, ತೊಳೆದದ್ದನ್ನೇ ತೊಳೆಯುತ್ತ ನಿಂತಳು.

ಅದಾಗಿ ಕೆಲವು ದಿನಕ್ಕೆ ಕಟ್ಟಡದ ಮೇಸ್ತ್ರಿ ಬಂದ. ಹಳೆಯ ಸ್ನೇಹಿತ, ಬಾಯಿ ತುಂಬ ಮಾತು. ಉಗಿಬಂಡಿಯನ್ನು ನೋಡಿ, "ಯಜಮಾನ್ರೇ, ಗಾಡಿ ಯಾವಾಗ ಹೊರಡತ್ತೆ? ಟಿಕೆಟ್ ಇಟ್ಕೊಂಡು ಕೂತಿದೀನಿ, ನನ್ ಹೆಂಡ್ತಿ ತವರಿಗೆ ಹೋಗೋದೂ ನಿಂತಿದೆ," ಎಂದ. ಅವನು ಬಂದದ್ದು ಬೇರೆ ಕೆಲಸಕ್ಕೆ. ಮೂರು ಅಂತಸ್ತಿನ ಬೇಕರಿಯ ಹೊಗೆಗೂಡಿಗೆ ಗಾಳಿ ಮಳೆ ತಡೆಯುವ ತಗಡಿನ ಟೊಪ್ಪಿ ಬೇಕು. ಮೇಲೇರಿ ಅಲ್ಲೇ ಅಳತೆಗೆ ಕೂರಿಸಬೇಕು. ಹುಡುಗರ ಕೈಯಲ್ಲಾಗದು ಎಂದ. ಎತ್ತರದ ಕೆಲಸವನ್ನು ಗಂಡ ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಈ ಸಲ ಹಿಂದುಮುಂದು ನೋಡದೆ ಒಪ್ಪಿಕೊಂಡ.

ಮೇಸ್ತ್ರಿ ಹೋದ ಮೇಲೆ ಅವಳು ಬೇಡವೆಂದಳು. ಕಣ್ಣು ಮೊದಲಿನಂತಿಲ್ಲ ಎಂದಳು, ಮಂಡಿ ನೋವೆಂದಳು, ತನಗೆ ಕೆಟ್ಟ ಕನಸು ಬಿತ್ತೆಂದೂ ಹೇಳಿದಳು. ಕೈ ಎಂಬ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಆಡಿದಳು. ಅವನು ಅವಳ ಭುಜ ತಟ್ಟಿ, ಬಾಯ್ಲರಿನ ಕಡೆ ಕಣ್ಣು ಮಾಡಿ, ಇಂಥದ್ದು ಮಾಡುವವನಿಗೆ ಟೊಪ್ಪಿ ಯಾವ ಲೆಕ್ಕ ಎಂದ.

ಬಾಯ್ಲರಿಗೆ ಹಿಂಬದಿಯ ತಟ್ಟೆ ಬೆಸೆಯುವುದೊಂದು ಉಳಿದಿತ್ತು. ಟೊಪ್ಪಿಗೆ ಹೋಗುವ ಹಿಂದಿನ ದಿನ, ಬೆಳಗಿನ ಬಿಸಿಲು ಬಾಗಿಲಿಂದ ಒಳಬಂದು ನೆಲದ ತಗಡಿನ ಚೂರುಗಳ ಮೇಲೆ ಬಿದ್ದಿರುವಾಗ ಅವರು ಕೆಲಸಕ್ಕೆ ನಿಂತರು. ತಾಮ್ರವನ್ನು ಉಜ್ಜಿ, ಬೆಸುಗೆ ಹರಿಯಲೆಂದು ಬಿಳಿಯ ಲೇಪ ಬಳಿದು, ಇಟ್ಟಿಗೆಗಳ ನಡುವೆ ಕೂರಿಸಿ ಆಗಿತ್ತು. ತಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ನೀರಿನ ಮಟ್ಟ ತೋರಿಸುವ ಗಾಜಿಗೆ, ಉಗಿಯ ನಲ್ಲಿಗೆ ಎಂದು ಒಳಗೆ ತಿರುಪಿನ ಮರೆ ಕೊರೆದ ತೂತುಗಳು. ಅವುಗಳ ಪಕ್ಕದಲ್ಲೇ ಸಂದಿ.

ಬೆಂಕಿ ಹಚ್ಚುವ ಮೊದಲು ಅವಳು ಕಣ್ಣು ಮುಚ್ಚಿದಳು. ಅದು ಅವಳ ದಿನದ ರೂಢಿ. ದಿನವೂ ಕೇಳುತ್ತಿದ್ದದ್ದು ಕೆಲಸ ಚೆನ್ನಾಗಿ ಆಗಲಿ ಎಂದು. ಇವತ್ತು ಏನು ಕೇಳಬೇಕೋ ತಿಳಿಯಲಿಲ್ಲ. ನನ್ನ ಕೈ ಅಲುಗದೆ ಇರಲಿ ದೇವರೇ, ಎಂದಷ್ಟೇ ಅಂದುಕೊಂಡಳು. ಅಂದುಕೊಂಡು ಬೆಂಕಿ ಹಚ್ಚಿದಳು.

ತಾಮ್ರ ಕಪ್ಪಾಯಿತು, ಆಮೇಲೆ ನಸುಗೆಂಪಾಯಿತು. ಲೇಪ ಕರಗಿ ಗಾಜಿನಂತಾಯಿತು. ಅವನು ಕಡ್ಡಿ ಎತ್ತಿದ. ಅದು ನಡುಗಿತು, ಸುಳಿಯಿತು, ಸಂದಿಯಿಂದ ಆಚೆ ತಗುಲಿತು. ಅವಳು ಬೆಂಕಿಯನ್ನು ಅವನು ಕಲಿಸಿದ ಹಾಗೆ ಸುತ್ತಲೂ ಒಂದೇ ಸಮ ಆಡಿಸುತ್ತಿದ್ದಳು; ಯಾವ ಕಡೆಗೂ ಬಾಗಿಸಲಿಲ್ಲ. ಅವಳ ಮಣಿಕಟ್ಟು ತಾನಾಗಿ ತಿರುಗಲು ಹವಣಿಸುತ್ತಿತ್ತು. ಅದನ್ನು ಬಿಗಿಹಿಡಿಯಲು ಹಲ್ಲು ಕಚ್ಚಬೇಕಾಯಿತು. ಕರಗಿದ ಬೆಸುಗೆ ತಟ್ಟೆಯ ಮುಖದ ಮೇಲೆ ಹರಡಿತು. ಅವನು ಗಾಬರಿಯಿಂದ ಇನ್ನೊಮ್ಮೆ ಕಡ್ಡಿ ಒತ್ತಿದ. ಇನ್ನೊಂದು ಹನಿ ಜಾರಿ, ಗಾಜು ಕೂರಬೇಕಾದ ತೂತಿನೊಳಕ್ಕೆ ಇಳಿದು, ಅದರ ಬಾಯಿಯನ್ನು ಮುಚ್ಚಿಬಿಟ್ಟಿತು.

"ಬೆಂಕಿ," ಎಂದ. "ಬೆಂಕಿ ಈ ಕಡೆ ತಾ."

ಅವಳು ತರಲಿಲ್ಲ. ಬರ್ನರ್ ಆರಿಸಿದಳು. ಅದರ ಭೋರೆಂಬ ಸದ್ದು ನಿಂತಾಗ ಅಂಗಡಿ ಎಂದಿಗಿಂತ ದೊಡ್ಡದಾದಂತಿತ್ತು.

ಅವನು ತಟ್ಟೆಯನ್ನು ನೋಡಿದ. ಕಡ್ಡಿಯನ್ನು ನೋಡಿದ. ಅದರ ತುದಿ ಇನ್ನೂ ಗಾಳಿಯಲ್ಲಿ ಏನನ್ನೋ ಬರೆಯುತ್ತಿತ್ತು. ಕಡ್ಡಿಯನ್ನು ಕೆಳಗಿಟ್ಟ. ದಡ್ಡನಲ್ಲ ಅವನು, ಬೆಂಕಿಯ ಗುಣ ಅವಳಿಗಿಂತ ಮೊದಲು ತಿಳಿದವನು.

"ಇಷ್ಟು ದಿನ ಬೆಸುಗೇನ ನೀನು ಎಳೀತಿದ್ದೆ," ಎಂದ.

"ಹೂಂ."

ಅವನು ಉಗಿಬಂಡಿಯ ಹತ್ತಿರ ಹೋದ. ಒಂದೊಂದನ್ನೇ ಮುಟ್ಟಿ, ಅವಳ ಕಡೆ ತಿರುಗದೆ ಕೇಳತೊಡಗಿದ.

"ಚಿಮಣಿ?"

"ನಿಮ್ದೇ."

"ನೀರಿನ ತೊಟ್ಟಿ?"

"ಅರ್ಧಕ್ಕಿಂತ ಜಾಸ್ತಿ ನಿಮ್ದು. ಹಿಂದಿನ ಮೂಲೆ ನಾನು ಎಳೆದಿದ್ದು."

"ಈ ಗುಮ್ಮಟ?"

"ತಟ್ಟಿ ಗುಂಡಗೆ ಮಾಡಿದ್ದು ನೀವು. ಬೆಸುಗೆ..." ಅವಳು ನಿಲ್ಲಿಸಿದಳು.

ಕೊಳವೆಗಳನ್ನು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು.

"ಮಗಳ ಮುಂದೆ ನನ್ನ ಕುಣಿಯೋಕೆ ಬಿಟ್ಟು ನೋಡ್ತಾ ನಿಂತಿದ್ದೆ."

"ನೀವು ನಗ್ತಿದ್ರಿ," ಎಂದಳು ಅವಳು. "ಅಷ್ಟು ನಕ್ಕು ಎಷ್ಟು ದಿನ ಆಗಿತ್ತು. ನನಗೆ ಬಾಯಿ ಬರ್ಲಿಲ್ಲ."

"ಮತ್ತೆ ಇವತ್ತು ಹೇಗೆ ಬಂತು?"

"ನಾಳೆ ನೀವು ಮೇಲೆ ಇರ್ತೀರಿ, ನಾನು ಕೆಳಗೆ. ಅಲ್ಲಿ ನನ್ನ ಕೈಲಿ ಬೆಂಕಿ ಇರಲ್ಲ."

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತಿದ್ದಳು. ಅವನು ಮುಂಗಟ್ಟೆಯ ಕಡೆಗೆ ಹೋಗಿ, ಬೀದಿಯನ್ನು ನೋಡುತ್ತ, ಅವಳಿಗೆ ಬೆನ್ನು ಹಾಕಿ ಕೂತ. ಅವಳು ತಣ್ಣಗಾದ ಬಾಯ್ಲರನ್ನು ಇಕ್ಕಳದಲ್ಲಿ ಎತ್ತಿ, ಲೇಪದ ಕಲೆ ಬಿಡಿಸುವ ಹುಳಿನೀರಿನ ತೊಟ್ಟಿಗೆ ಇಳಿಸಿದಳು. ಹಾಳಾಗಿರಲಿಲ್ಲ ಅದು. ತೂತನ್ನು ಮತ್ತೆ ಕೊರೆಯಬಹುದು, ಮುಖವನ್ನು ಅರದಿಂದ ಉಜ್ಜಬಹುದು. ಈ ಮಾತನ್ನು ಅವನಿಗೆ ಹೇಳಲು ಎರಡು ಸಲ ಬಾಗಿಲವರೆಗೆ ಹೋಗಿ ಹಿಂದಕ್ಕೆ ಬಂದಳು.

ಊಟದ ಹೊತ್ತಿಗೆ ಮೇಸ್ತ್ರಿ ಸೈಕಲ್ ನಿಲ್ಲಿಸಿ ಬೀದಿಯಿಂದಲೇ ಕೂಗಿದ. ನಾಳೆ ಬೆಳಗ್ಗೆಯೇ ಏಣಿ ಕಟ್ಟಿಸುತ್ತೇನೆ, ಹಗ್ಗ ಎಷ್ಟು ಬೇಕು ಎಂದು ಕೇಳಿದ. ಒಳಗಿದ್ದ ಅವಳು ಬಾಗಿಲ ಮರೆಗೆ ಬಂದು ನಿಂತಳು.

"ಟೊಪ್ಪಿ ಇಲ್ಲೇ ಮಾಡಿ ಕೊಡ್ತೀನಿ," ಎಂದ ಗಂಡ. "ಕೂರ್ಸೋಕೆ ಬೇರೆ ಯಾರನ್ನಾದ್ರೂ ನೋಡ್ಕೋ. ನನ್ನ ಕೈ ನಿಲ್ಲಲ್ಲ."

ಮೇಸ್ತ್ರಿ ನಗೆಮಾತೆಂದೇ ತಿಳಿದ. "ನಿಲ್ಲಲ್ಲ ಅಂದ್ರೆ? ಗಾಡಿ ಕಟ್ಟೀ ಕಟ್ಟೀ ಕೈಗೂ ಚಕ್ರ ಬಂತಾ?" ಅವನು ನಗದಿದ್ದುದನ್ನು ಕಂಡು, ಆಗಲಿ ಆಗಲಿ, ಮೈ ನೋಡಿಕೊಳ್ಳಿ ಎಂದು ಏನೋ ಗೊಣಗಿ ಸೈಕಲ್ ಹತ್ತಿದ.

ಅವನು ಒಳಗೆ ಬಂದ. ಊಟಕ್ಕೆ ಏಳಿ ಎಂದು ಅವಳು ಕರೆಯಲಿಲ್ಲ, ಅವನೂ ಕೇಳಲಿಲ್ಲ. ಮೇಜಿನ ಎದುರು ಸ್ಟೂಲಿನ ಮೇಲೆ ಕೂತು, ಎಷ್ಟೋ ತಿಂಗಳಿಂದ ಕೆಲಸವಿಲ್ಲದಾಗಲೆಲ್ಲ ಜೇಬಿನಲ್ಲೋ ತೊಡೆಯ ಕೆಳಗೋ ಅಡಗಿರುತ್ತಿದ್ದ ಬಲಗೈಯನ್ನು ಮೇಜಿನ ಮೇಲೆ ಚಾಚಿ ಇಟ್ಟ. ಪಕ್ಕದಲ್ಲಿದ್ದ ಡಬ್ಬಿಯ ಮುಚ್ಚಳದಲ್ಲಿ ಹಿತ್ತಾಳೆಯ ಸಣ್ಣ ಬಿಲ್ಲೆಗಳಿದ್ದವು. ಕೈಯ ನಡುಕ ಹಲಗೆಗೆ ಇಳಿದು, ಹಲಗೆಯಿಂದ ಮುಚ್ಚಳಕ್ಕೆ ಏರಿ, ಅವು ಒಂದಕ್ಕೊಂದು ತಾಗಿ ತೀರ ಮೆಲ್ಲಗೆ ಕಿಣಿಕಿಣಿ ಎನ್ನತೊಡಗಿದವು.

ಅವಳು ಆ ಮುಚ್ಚಳವನ್ನು ಆಚೆ ಸರಿಸಲೆಂದು ಕೈ ಚಾಚಿದಳು. ಅರ್ಧದಲ್ಲೇ ತಡೆದಳು. ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಕೂತಳು. ಇಬ್ಬರೂ ಆ ಸದ್ದನ್ನು ಕೇಳುತ್ತಿದ್ದರು.