ಒಂಬತ್ತನೇ ಠಾಣೆಗೆ ಶತ್ರು ಬೇಕಾಗಿದ್ದಾರೆ

ಯುದ್ಧ ಶುರುವಾಗಿ ತಿಂಗಳಾಗಿತ್ತು. ಶತ್ರು ಮಾತ್ರ ಇನ್ನೂ ಬಂದಿರಲಿಲ್ಲ.

ತಪ್ಪು ಯಾರದೂ ಅಲ್ಲ, ಸೀಮೆಯದು. ಮನೆಗೊಬ್ಬ ಮಿಲಿಟರಿಯವನಿರುವ ಕೊಡಗಿನಲ್ಲಿ ಕೂತು, ‘ಎಲ್ಲರೂ ಸೇರಿ ವಾಟ್ಸಾಪಿನಲ್ಲಿ ಒಂದು ಯುದ್ಧದ ಕಥೆ ಬರೆಯೋಣ, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯಿರಿ, ನಿಮ್ಮ ಪಾತ್ರದ ಮಾತು, ಕೆಲಸ ನೀವೇ ಬರೆಯಿರಿ’ ಎಂದು ಗ್ರೂಪು ತೆರೆದರೆ ಇನ್ನೇನಾಗುತ್ತದೆ? ಸೇರಿದವರೆಲ್ಲ ನಮ್ಮ ಕಡೆಯವರೇ ಆದರು. ಅದರಲ್ಲೂ ಅರ್ಧ ಜನ ಮೇಜರು, ಇನ್ನರ್ಧ ಜನ ಕರ್ನಲ್ಲು. ಸಿಪಾಯಿಯಾಗಲು ಒಪ್ಪಿದವನು ಕುಶಾಲನಗರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ರವಿ ಒಬ್ಬನೇ. ಅವನೂ ಕಮಾಂಡೊ ಎಂದು ಕರೆಯಬೇಕೆಂಬ ಷರತ್ತು ಹಾಕಿದ್ದ. ಶತ್ರುವಿನ ಪಾತ್ರ ಯಾರಿಗೆ ಎಂದು ಕೇಳಿದರೆ ಎಲ್ಲರ ಬಾಯಿಗೂ ಬೀಗ. ಶನಿವಾರಸಂತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಕೀರ್ತಿಕುಮಾರ್, ಅಂದರೆ ಕಥೆಯ ಮೇಜರ್ ಕೀರ್ತಿ, ‘ಮಿಲಿಟರಿ ಪೆನ್ಷನ್ನಿನಲ್ಲಿ ಬೆಳೆದವನು ನಾನು. ಆ ಕಡೆ ನಿಂತರೆ ನಮ್ಮಮ್ಮ ಊಟ ಹಾಕಲ್ಲ’ ಎಂದು ಬರೆದಿದ್ದ.

ಹೀಗಾಗಿ ಕಥೆಯ ಗಡಿಯಲ್ಲಿದ್ದ ಒಂಬತ್ತನೇ ಠಾಣೆಯಲ್ಲಿ ಕರ್ನಲ್ಲುಗಳು ಬೂಟು ಒರೆಸಿಕೊಂಡು ಕೂತಿದ್ದರು. ಕಥೆಯನ್ನು ನಡೆಸುತ್ತಿದ್ದ ವೀಣಾ ತಲೆ ಚಚ್ಚಿಕೊಳ್ಳುತ್ತಿದ್ದಳು. ಇದು ಸಾಲದೆಂದು ಅವಳು ತನ್ನ ಮಾವ ನಾಗರಾಜುವನ್ನು ಗ್ರೂಪಿಗೆ ಸೇರಿಸಿಕೊಂಡಿದ್ದಳು. ಮಿಲಿಟರಿಯಿಂದ ರಿಟೈರಾದ ಹವಾಲ್ದಾರ, ಕಥೆಯಲ್ಲೂ ಹವಾಲ್ದಾರನೇ. ಕಥೆ ನಿಜವಿದ್ದಂತೆ ಇರಬೇಕು, ತಪ್ಪಿದ್ದರೆ ತಿದ್ದಲಿ ಎಂಬುದು ಅವಳ ಆಸೆ. ಅವನು ತಿದ್ದಿದ್ದೇ ತಿದ್ದಿದ್ದು. ರವಿ ಒಂದೇ ಉಸಿರಿಗೆ ನೂರು ಗುಂಡು ಹಾರಿಸಿದರೆ ‘ಚೀಲದಲ್ಲಿ ಅಷ್ಟು ಎಲ್ಲಿತ್ತು?’ ಎಂದು ತಡೆದ. ಮೇಜರ್ ಕೀರ್ತಿ ಹೆಲಿಕಾಪ್ಟರ್ ತರಿಸಿದರೆ ‘ಮಂಜಿದೆ, ಹಾರಲ್ಲ, ವಾಪಸ್ ಕಳಿಸು’ ಎಂದ. ಮೇಜರ್ ವಾದ ಮಾಡಿದ್ದಕ್ಕೆ ಕಥೆಯೊಳಗೇ ಅವನ ಕೈಯಲ್ಲಿ ಕಕ್ಕಸು ಗುಂಡಿ ತೋಡಿಸಿದ. ಹವಾಲ್ದಾರ ಮೇಜರಿಗೆ ಗುಂಡಿ ತೋಡಿಸುವುದು ಯಾವ ನಿಜ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನಾಗರಾಜು ಇದನ್ನೆಲ್ಲ ಗಟ್ಟಿಯಾಗಿ ಓದುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಅವನ ಹೆಂಡತಿ ಚಲುವಮ್ಮ. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಹೇಳುವುದೇಕೆ, ಚೆನ್ನಾಗಿಯೇ ಉರಿಯುತ್ತಿತ್ತು.

ಈ ಮನುಷ್ಯ ಸರ್ವೀಸಿನಲ್ಲಿದ್ದಷ್ಟು ವರ್ಷವೂ ರಜೆಗೆ ಬರುತ್ತಿದ್ದ, ಹೋಗುತ್ತಿದ್ದ. ಅಲ್ಲಿ ಹೇಗಿತ್ತು ಎಂದು ಕೇಳಿದರೆ ‘ಏನಿಲ್ಲ, ಚಳಿ’ ಎನ್ನುತ್ತಿದ್ದ. ಅಷ್ಟೇ. ಈಗ ನೋಡಿದರೆ ಜಗುಲಿಯಲ್ಲಿ ಕಾಲು ಚಾಚಿ ಕೂತು, ಹಿಮದ ಮೇಲೆ ನಡೆದರೆ ಯಾವ ಸದ್ದು ಬರುತ್ತದೆ, ಸೀಮೆಎಣ್ಣೆ ಸ್ಟೌವಿನ ಮೇಲೆ ಅನ್ನ ಬೇಯಲು ಎಷ್ಟು ಹೊತ್ತು ಬೇಕು ಎಂದು ಹಾರ್ಡ್‌ವೇರ್ ಅಂಗಡಿಯವನಿಗೆ ಫೋನಿನಲ್ಲಿ ಗಂಟೆಗಟ್ಟಲೆ ವಿವರಿಸುತ್ತಾನೆ. ಕಟ್ಟಿಕೊಂಡವಳಿಗೆ ಚಳಿ, ಮೊಳೆ ಮಾರುವವನಿಗೆ ಪುರಾಣ.

ಅದಕ್ಕಿಂತ ದೊಡ್ಡದೊಂದು ಮುಳ್ಳು ಅವಳೊಳಗೆ ಉಳಿದಿತ್ತು. ರಜೆ ಮುಗಿದಾಗಲೆಲ್ಲ ಅವನನ್ನು ಕಳಿಸಲು ಅವಳು ಕುಶಾಲನಗರದ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಅವನು ಟ್ರಂಕು ಎತ್ತಿ, ಮೈಸೂರು ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದ. ಒಂದು ಸಲವಾದರೂ ತಿರುಗಿ ನೋಡಬೇಕಲ್ಲ? ಇಲ್ಲ. ಕಿಟಕಿಯಿಂದ ಕೈ ಕೂಡ ಹೊರಗೆ ಬರುತ್ತಿರಲಿಲ್ಲ. ಚಲುವಮ್ಮ ಮನೆಗೆ ಬಂದು ‘ಗಂಟಲಲ್ಲಿ ಇಳಿಯಲ್ಲ ಅತ್ತೆ, ಊಟ ಬೇಡ’ ಎಂದು ಮಲಗುತ್ತಿದ್ದಳು. ಹೋಗುವುದೇ ಇವರಿಗೆ ಖುಷಿ ಎಂದು ಅವಳು ಅಂದೇ ತೀರ್ಮಾನಿಸಿದ್ದಳು. ಹಾಗೆಂದು ಇವತ್ತಿನವರೆಗೂ ಕೇಳಿರಲಿಲ್ಲ. ಹೌದು ಎಂದುಬಿಟ್ಟರೆ?

ಒಂದು ದಿನ ಅವಳು ಕೇಳಿಯೇಬಿಟ್ಟಳು, ಆ ಪ್ರಶ್ನೆಯನ್ನಲ್ಲ, “ರೀ, ನಾನೂ ನಿಮ್ಮ ಕಥೆಗೆ ಸೇರ್ಕೊಳ್ಲಾ?” ಎಂದು.

ನಾಗರಾಜು ಕನ್ನಡಕದ ಮೇಲಿಂದ ನೋಡಿದ. “ಗಡಿ ಠಾಣೇಲಿ ನಿಂಗೇನೇ ಕೆಲ್ಸ? ಬೇಕಾದ್ರೆ ಅಲ್ಲೂ ಅಡುಗೆ ಮಾಡು.”

ಚಲುವಮ್ಮ ಸೆರಗು ಸಿಕ್ಕಿಸಿಕೊಂಡಳು. ಹಿತ್ತಲಿಗೆ ಹೋದಳು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಸೊಸೆ ವೀಣಾಳ ಪಕ್ಕ ನಿಂತು, “ನಿಂಗೆ ಶತ್ರು ಬೇಕು ಅಂತಿದ್ಯಲ್ಲ ಮಗಾ, ಸಿಕ್ಕಿದ್ರಾ?” ಎಂದಳು.

“ಎಲ್ಲಿ ಅತ್ತೆ. ಹೀಗೇ ಆದ್ರೆ ಎಲ್ರೂ ಬೇಜಾರಾಗಿ ಬಿಟ್ಟೋಗ್ತಾರೆ.”

“ನಾನು ಆಯ್ತೀನಿ. ನಿಮ್ಮ ಮಾವಂಗೆ ಹೇಳ್ಬೇಡ.”

ವೀಣಾಳ ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. ಆಮೇಲೆ ಅವಳು ನಕ್ಕಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಅಂದು ಸಂಜೆಯೇ ಅವಳ ಹಳೆಯ ಫೋನು, ಹೊಸ ಸಿಮ್ಮು ಅತ್ತೆಯ ಕೈ ಸೇರಿದವು. ಆಚೆ ಕಡೆಯ ಕ್ಯಾಪ್ಟನ್ನಿಗೆ ವೀಣಾ ವಿದೇಶಿ ಹೆಸರೊಂದನ್ನು ಹುಡುಕಿದ್ದಳು. ಅದಕ್ಕೆ ನಾಲಿಗೆ ಹೊರಳಲ್ಲ ಎಂದು ಚಲುವಮ್ಮ ತಾನೇ ಹೆಸರಿಟ್ಟುಕೊಂಡಳು: ಕ್ಯಾಪ್ಟನ್ ಹದ್ದು.

ಬೆರಳಲ್ಲಿ ಒತ್ತಿ ಒತ್ತಿ ಬರೆಯುವ ತಾಳ್ಮೆ ಅವಳಿಗಿರಲಿಲ್ಲ. ಹೇಳಿದ್ದನ್ನು ಫೋನೇ ಬರೆದುಕೊಳ್ಳುವ ಮೈಕಿನ ಗುಂಡಿಯನ್ನು ವೀಣಾ ತೋರಿಸಿಕೊಟ್ಟಳು. ಮನೆಯಲ್ಲಿ ಮಾತಾಡಿದರೆ ಗಂಡನಿಗೆ ಕೇಳುತ್ತದೆ. ಹಾಗಾಗಿ ಬೆಳಿಗ್ಗೆ ಹಾಲು ಕರೆಯುವಾಗ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕ್ಯಾಪ್ಟನ್ ಹದ್ದು ಕೊಟ್ಟಿಗೆಯಿಂದ ಯುದ್ಧ ಸಾರಿತು. ಗ್ರೂಪಿನಲ್ಲಿ ಬಂದ ಮೊದಲ ಸಂದೇಶ ಹೀಗಿತ್ತು:

‘ಆಚೆ ಕಡೆಯವರು ಹಳ್ಳದ ಹತ್ತಿರ ಬಂದಿದ್ದಾರೆ ಹೋಯ್ ಗೌರಿ ಕಾಲು ತೆಗಿ’

ಠಾಣೆಯಲ್ಲಿ ಸಂಚಲನವಾಯಿತು. ‘ಗೌರಿ ಕಾಲು ತೆಗಿ’ ಎಂದರೆ ಏನೋ ದಾಳಿಯ ಸಂಕೇತವೆಂದು ಮೇಜರ್ ಕೀರ್ತಿ ಹೇಳಿದ. ಗೌರಿ ಶತ್ರುವಿನ ಫಿರಂಗಿಯ ಹೆಸರಿರಬೇಕು ಎಂದ ರವಿ. ಕೊನೆಗೆ ಎಲ್ಲರೂ ನಾಗರಾಜುವನ್ನೇ ಕೇಳಿದರು. ಅವನು ಸಂದೇಶವನ್ನು ಎರಡು ಸಲ ಓದಿದ. ಆಮೇಲೆ, ‘ಸಂಕೇತವೇ. ಈ ಕ್ಯಾಪ್ಟನ್ ಅನುಭವಸ್ಥ. ಹುಷಾರಾಗಿರಿ’ ಎಂದು ಬರೆದ.

ಕೊಟ್ಟಿಗೆಯಲ್ಲಿ ಚಲುವಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅಂದಿನಿಂದ ಒಂಬತ್ತನೇ ಠಾಣೆಗೆ ನೆಮ್ಮದಿಯಿರಲಿಲ್ಲ. ಹದ್ದು ಯುದ್ಧಶಾಸ್ತ್ರ ಓದಿರಲಿಲ್ಲ, ಆದರೆ ಯಾರು ಯಾವಾಗ ಎಲ್ಲಿರುತ್ತಾರೆಂದು ಅದಕ್ಕೆ ಗೊತ್ತಿತ್ತು. ನಾಗರಾಜು ತಾನೇ ಮಾಡಿದ ಒಂದು ನಿಯಮವಿತ್ತು: ದಾಳಿಯಾದ ಠಾಣೆಯಿಂದ ಸಂಜೆಯೊಳಗೆ ಯಾರೂ ಉತ್ತರ ಬರೆಯದಿದ್ದರೆ ಠಾಣೆ ಹೋದ ಹಾಗೆ, ಅವತ್ತಿನ ಕಾವಲಿನವನು ಸೆರೆ. ಚಲುವಮ್ಮ ಒಂದು ಶನಿವಾರವನ್ನು ಆರಿಸಿಕೊಂಡಳು. ಶನಿವಾರ ಸಂತೆ, ಮೇಜರ್ ಕೀರ್ತಿಗೆ ಅಂಗಡಿಯಲ್ಲಿ ಕತ್ತೆತ್ತಲು ಪುರಸೊತ್ತಿರುವುದಿಲ್ಲ. ಆ ವರ್ಷ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟಿತ್ತು, ಕಾಫಿ ತೋಟದವರೆಲ್ಲ ಸ್ಪ್ರಿಂಕ್ಲರ್ ಹಿಡಿದು ಓಡಾಡುತ್ತಿದ್ದರು, ಕಮಾಂಡೊ ರವಿ ಯಾವುದೋ ಕೆರೆಯ ದಂಡೆಯಲ್ಲಿ ಪಂಪಿನೊಳಗೆ ತಲೆ ಹಾಕಿದ್ದ. ಕರ್ನಲ್ಲುಗಳೆಲ್ಲ ತೋಟಗಳಲ್ಲಿ ಪೈಪು ಎಳೆಯುತ್ತಿದ್ದರು. ಉಳಿದವನು ಕಾವಲಿನ ಹವಾಲ್ದಾರ ಒಬ್ಬ. ಅವನಿಗೆ ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು, ಎರಡು ಮುದ್ದೆ, ಮೇಲೊಂದು ಅರ್ಧ, ಅದರ ಮೇಲೆ ತುಪ್ಪ.

“ಸಾಕು ಕಣೇ,” ಎಂದ ನಾಗರಾಜು.

“ತಿನ್ನಿ, ಒಣಗಿ ಹೋಗಿದ್ದೀರಿ,” ಎಂದಳು ಶತ್ರು.

ಅವನು ಜಗುಲಿಯ ಬೆಂಚಿನಲ್ಲಿ ಮಲಗಿದ. ಅಂದು ಯಾಕೋ ಗೊರಕೆ ಇರಲಿಲ್ಲ. ಊಟ ಅಷ್ಟು ಗಾಢವಾಗಿ ಹಿಡಿದಿದೆ ಎಂದುಕೊಂಡು ಚಲುವಮ್ಮ ಹಿತ್ತಲಿಗೆ ನಡೆದಳು. ‘ಹಳ್ಳ ದಾಟಿ ಠಾಣೆಗೆ ನುಗ್ಗಿದೆವು. ಕಾವಲಿನವನು ಬೂಟು ಬಿಚ್ಚಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದಾನೆ’ ಎಂದು ಫೋನಿಗೆ ಹೇಳಿದಳು. ಸಂಜೆಯವರೆಗೂ ಯಾರೂ ಕಮಕ್ ಕಿಮಕ್ ಎನ್ನಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗ್ರೂಪಿನಲ್ಲಿ ಬೆಂಕಿ ಬಿದ್ದಿತ್ತು. ಇದು ಮೋಸ, ಸಂತೆಯ ದಿನ ಯಾರು ಯುದ್ಧ ಮಾಡುತ್ತಾರೆ ಎಂದು ಮೇಜರ್ ಕೀರ್ತಿ ಕೂಗಾಡಿದ. ಹೆಲಿಕಾಪ್ಟರಿನಲ್ಲಿ ಬಂದು ಹವಾಲ್ದಾರರನ್ನು ಬಿಡಿಸುತ್ತೇನೆ ಎಂದ. ಮಂಜಿದೆ ಎಂದು ಬರೆದವನು ಸ್ವತಃ ಸೆರೆಯಲ್ಲಿದ್ದ ನಾಗರಾಜು. ‘ನಿಯಮ ನಿಯಮವೇ. ನಾನು ಸೆರೆ. ವಿಚಾರಣೆ ನಡೆಯಲಿ’ ಎಂದೂ ಸೇರಿಸಿದ.

ಮರುದಿನ ಬೆಳಿಗ್ಗೆ ವಿಚಾರಣೆ. ನಾಗರಾಜು ಜಗುಲಿಯಲ್ಲಿ, ಚಲುವಮ್ಮ ಕೊಟ್ಟಿಗೆಯಲ್ಲಿ, ನಡುವೆ ಒಂದು ಗೋಡೆ. ಎಲ್ಲ ಕರ್ನಲ್ಲುಗಳೂ ಫೋನು ಹಿಡಿದು ಕಾದಿದ್ದರು.

‘ನಿಮ್ಮ ಕಡೆ ಎಷ್ಟು ಜನ?’ ಎಂದಿತು ಹದ್ದು.

‘ನಾಗರಾಜು. ಹವಾಲ್ದಾರ್. ನಂಬರು ಬೇಕಾದರೆ ಕೊಡುತ್ತೇನೆ.’

‘ಗುಂಡು ಎಲ್ಲಿಟ್ಟಿದ್ದೀರಿ?’

‘ನಾಗರಾಜು. ಹವಾಲ್ದಾರ್.’

ಗ್ರೂಪಿನ ತುಂಬ ಸೆಲ್ಯೂಟುಗಳು ಬಿದ್ದವು. ಸೆರೆಸಿಕ್ಕವನು ಹೆಸರು, ಹುದ್ದೆ, ನಂಬರು ಬಿಟ್ಟು ಬೇರೇನೂ ಹೇಳಬಾರದು, ಇದೇ ನಿಜವಾದ ಸೈನಿಕನ ಲಕ್ಷಣ ಎಂದು ಮೇಜರ್ ಕೀರ್ತಿ ಭಾಷಣ ಬರೆದ. ಚಲುವಮ್ಮನಿಗೆ ಮೈಯೆಲ್ಲ ಉರಿಯಿತು. ಹೆಸರು, ಹುದ್ದೆ, ನಂಬರು. ಮದುವೆಯಾದಾಗಿನಿಂದ ಹೆಂಡತಿಗೂ ಇವರು ಹೇಳಿದ್ದು ಇಷ್ಟೇ ಅಲ್ಲವೇ? ಶತ್ರುವಿಗೂ ತನಗೂ ವ್ಯತ್ಯಾಸವೇನು ಬಂತು?

ಅವಳು ಗುಂಡು, ಠಾಣೆ ಎಲ್ಲ ಮರೆತಳು. ಹಾಲಿನ ಪಾತ್ರೆಯನ್ನು ಪಕ್ಕಕ್ಕಿಟ್ಟು ಫೋನನ್ನು ಬಾಯಿಯ ಹತ್ತಿರ ತಂದಳು.

‘ರಜೆ ಮುಗಿಸಿ ಹೋಗುವಾಗ ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಳಿಸಲು ಒಬ್ಬಳು ಬಂದು ನಿಲ್ಲುತ್ತಿದ್ದಳು. ಒಂದು ಸಲವೂ ನೀವು ತಿರುಗಿ ನೋಡಲಿಲ್ಲ. ಯಾಕೆ?’

ಕಳಿಸಿದ ಮೇಲೆ ಫೋನನ್ನು ಅಲ್ಲಿ ಇಲ್ಲಿ ಒತ್ತಿ ನೋಡಿದಳು. ಅಳಿಸುವುದು ಹೇಗೆಂದು ವೀಣಾ ಹೇಳಿಕೊಟ್ಟಿರಲಿಲ್ಲ.

ಮೇಜರ್ ಕೀರ್ತಿ ತಕ್ಷಣ ಎದ್ದ. ‘ಆಕ್ಷೇಪಣೆ. ಆಚೆ ಕಡೆಯ ಹದ್ದಿಗೆ ಕುಶಾಲನಗರದ ಬಸ್ ಸ್ಟ್ಯಾಂಡ್ ಹೇಗೆ ಗೊತ್ತು? ಇದು ನಿಜವಿದ್ದ ಹಾಗಿಲ್ಲ.’

ನಾಗರಾಜು ಬರೆದ. ‘ಗೂಢಚಾರರು ಎಲ್ಲ ಕಡೆ ಇರುತ್ತಾರೆ, ಮನೆಯೊಳಗೂ ಇರುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ.’

ಚಲುವಮ್ಮ ಗೌರಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ಖುಷಿಗೆ ಹೋಗುತ್ತಿದ್ದೆ ಎಂದು ಬಂದರೆ ಈ ಫೋನನ್ನು ಗೊಬ್ಬರದ ಗುಂಡಿಗೆ ಎಸೆಯುವುದೆಂದು ಅವಳು ನಿಶ್ಚಯಿಸಿದ್ದಳು. ಕೊನೆಗೆ ಉತ್ತರ ಬಂತು, ಉದ್ದನೆಯದು.

‘ತಿರುಗಿ ನೋಡಿದರೆ ಇಳಿದುಬಿಡುತ್ತಿದ್ದೆ. ಅದಕ್ಕೇ ಡ್ರೈವರ್ ಹಿಂದಿನ ಸೀಟು ಹಿಡಿಯುತ್ತಿದ್ದೆ. ಅಲ್ಲಿ ಕೂತರೆ ಡ್ರೈವರನ ಪಕ್ಕದ ಕನ್ನಡಿಯಲ್ಲಿ ಸ್ಟ್ಯಾಂಡು ಪೂರ್ತಿ ಕಾಣುತ್ತದೆ. ಬಸ್ಸು ಗೇಟಿನ ಹತ್ತಿರ ಜನ ತುಂಬಿಸಿಕೊಳ್ಳಲು ಇನ್ನಷ್ಟು ಹೊತ್ತು ನಿಲ್ಲುತ್ತಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಬಸ್ಸು ಹೋಯಿತು ಅಂದುಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ಮೂಲೆಯ ಗಾಡಿಗೆ ಹೋಗಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಳು. ಒಂದು ಪ್ಲೇಟು ಮುಗಿಸಿ ಇನ್ನೊಂದು ಪ್ಲೇಟು. ಅಳು ಬಂದರೆ ಖಾರಕ್ಕೆ ಅನ್ನಬಹುದಲ್ಲ. ಸೇತುವೆ ದಾಟುವವರೆಗೂ ನನಗೂ ಕಣ್ಣು ಉರಿಯುತ್ತಿತ್ತು. ನಾನು ಬಜ್ಜಿ ತಿಂದಿರಲಿಲ್ಲ. ಮನೆಗೆ ಹೋಗಿ ನಮ್ಮಮ್ಮನ ಹತ್ತಿರ ಊಟ ಸೇರಲ್ಲ ಎನ್ನುತ್ತಿದ್ದಳಂತೆ. ಹೇಗೆ ಸೇರುತ್ತದೆ? ಇರಲಿ. ಕ್ಯಾಪ್ಟನ್ ಸಾಹೇಬರೇ, ಗೌರಿ ಕಾಲು ತೆಗೆದಳಾ?’

ಗ್ರೂಪಿನಲ್ಲಿ ಯಾರೂ ಸೆಲ್ಯೂಟು ಹಾಕಲಿಲ್ಲ.

ಚಲುವಮ್ಮನಿಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೆ ಬಂದವು. ಇಷ್ಟು ವರ್ಷ ಯಾರಿಗೂ ಬಾಯಿಬಿಡದ ಬಜ್ಜಿಯ ಗುಟ್ಟು ಕರ್ನಲ್ಲುಗಳ ಮುಂದೆಲ್ಲ ಹರಾಜಾಗಿತ್ತು. ಮೊದಲ ದಿನದಿಂದಲೇ ಇವರಿಗೆ ಗೊತ್ತಿತ್ತು ಹಾಗಾದರೆ. ಬೇಕೆಂದೇ ಸಿಕ್ಕಿಬಿದ್ದಿದ್ದಾರೆ. ಆ ಗೊರಕೆಯಿಲ್ಲದ ನಿದ್ದೆ ನೆನಪಾಗಿ ಅವಳು ಹಲ್ಲು ಕಚ್ಚಿದಳು. ಗೌರಿ ಅವಳ ಸೆರಗನ್ನು ನೆಕ್ಕುತ್ತಿತ್ತು, ಅದನ್ನು ಬಿಡಿಸಿಕೊಂಡು ಅದರಲ್ಲೇ ಕಣ್ಣೊರೆಸಿಕೊಂಡಳು.

ಕಥೆಯನ್ನು ಮುಂದಕ್ಕೆ ತಳ್ಳಬೇಕಾದವಳು ವೀಣಾ. ಅವಳು ಅಡುಗೆಮನೆಯಿಂದಲೇ ಬರೆದಳು: ‘ಖೈದಿ ಮಾತಾಡಿದ್ದಾನೆ. ಈಗ ಎರಡೂ ಕಡೆಯವರು ಸಂಧಾನಕ್ಕೆ ಬರಬಹುದು. ಕ್ಯಾಪ್ಟನ್ ಹದ್ದು, ನಿಮ್ಮ ಷರತ್ತೇನು?’

ಮೇಜರ್ ಕೀರ್ತಿಗೆ ಜೀವ ಬಂತು. ‘ಠಾಣೆ ವಾಪಸ್ ಬೇಕು, ಹವಾಲ್ದಾರರೂ ವಾಪಸ್ ಬೇಕು’ ಎಂದ.

ಚಲುವಮ್ಮ ಈ ಸಲ ಮೈಕಿನ ಗುಂಡಿ ಒತ್ತಲಿಲ್ಲ. ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು, ಒಂದೊಂದೇ ಅಕ್ಷರ ಹುಡುಕಿ ಬೆರಳಿನಲ್ಲೇ ಬರೆದಳು.

‘ಠಾಣೆ ತಗೊಳ್ಳಿ. ಖೈದಿಯನ್ನು ಬಿಡುವುದಿಲ್ಲ.’

ಗೋಡೆಯ ಆಚೆ ಜಗುಲಿಯಲ್ಲಿ ನಾಗರಾಜು ಕನ್ನಡಕ ಸರಿಮಾಡಿಕೊಂಡ. ಗ್ರೂಪಿಗೆ ಅವನ ತೀರ್ಪು ಬಂತು: ‘ನಿಯಮದ ಪ್ರಕಾರ ಸರಿಯಾಗಿದೆ.’ ಆಮೇಲೆ ಫೋನು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತ, “ಲೇ ಚಲುವಾ, ಸೀರೆ ಬದಲಾಯಿಸು. ಬಸ್ ಸ್ಟ್ಯಾಂಡಿಗೆ ಹೋಗಿ ಬಜ್ಜಿ ತಿಂದ್ಕೊಂಡು ಬರೋಣ,” ಎಂದು ಕೂಗಿದ.

“ಕೈಗೆ ಹಗ್ಗ ಕಟ್ಟಿ ಕರ್ಕೊಂಡೋಗ್ಬೇಕಾಗುತ್ತೆ, ನೀವಿನ್ನೂ ಸೆರೇಲಿದ್ದೀರಿ,” ಎಂದು ಕ್ಯಾಪ್ಟನ್ ಹದ್ದು ಕೊಟ್ಟಿಗೆಯಿಂದ ಉತ್ತರ ಕೊಟ್ಟು ಹಾಲಿನ ಪಾತ್ರೆ ಎತ್ತಿಕೊಂಡಿತು.