ಚಿಲಕವಿಲ್ಲದ ಮನೆ

“ಯಾರೂ ನುಗ್ಬೇಡ್ರಮ್ಮ, ಒಳಗೆ ನಾನಿದ್ದೀನಿ!”

ಬಚ್ಚಲಿನ ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದು ಪಕ್ಕದ ಮನೆಯಾಕೆ ಕೂಗಿದಳು. ನಡುಮನೆಯಲ್ಲಿ ಹೆಣದ ಸುತ್ತ ಕೂತವರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಸಾವಿನ ಮನೆಯಲ್ಲಿ ನಗು ಬರಬಾರದು, ಬಂದರೆ ತಡೆಯಲಾಗುವುದಿಲ್ಲ.

“ಬೀದಿಗೆಲ್ಲ ಚಿಲಕ ಹಾಕ್ದೋನು. ಅವನ ಮನೇಲಿ ಒಂದು ಬಾಗಿಲಿಗೂ ಚಿಲಕ ಇಲ್ವಲ್ರೀ!” ಎಂದು ಹೊರಬಂದವಳು ಗೊಣಗಿದಳು.

“ದೀಪದ ಬುಡ ಕತ್ತಲೆ ಅನ್ನಲ್ವಾ,” ಎಂದಳು ಸತ್ತವನ ಅಕ್ಕ.

ಮೂಲೆಯಲ್ಲಿದ್ದ ಬಡಗಿ, ಸತ್ತವನ ಹಳೆಯ ಜೊತೆಗಾರ, ಈ ಮಾತು ಕೇಳಲಾರದೆ ಎದ್ದು ಹೋದ.

ಬೀಗ ರಿಪೇರಿಯ ಚಿಲಕದಣ್ಣ ನಿನ್ನೆ ಅಂಗಡಿಯಲ್ಲಿ ಕೀಲಿಕೈಯೊಂದಕ್ಕೆ ಅರ ಉಜ್ಜುತ್ತಿದ್ದವನು ಕೂತಲ್ಲೇ ಕುಸಿದಿದ್ದ. ಹೆಂಡತಿಯ ಕಣ್ಣು ಮಾತ್ರ ಗಂಡನ ಮುಖದ ಮೇಲಿರಲಿಲ್ಲ. ಅವನ ಕಾಲ ಬಳಿ ಕೂತ ಮಗಳ ಮೇಲಿತ್ತು.

“ಪುಟ್ಟೀ,” ಸತ್ತವನ ಅಕ್ಕ ಹುಡುಗಿಯ ಗಲ್ಲ ಹಿಡಿದಳು. “ಈ ಸಲ ಪರೀಕ್ಷೆ ಪಾಸಾಗ್ಲೇಬೇಕು ಕಣೇ. ನೀನು ಡಾಕ್ಟರಾಗ್ಲಿಲ್ಲ ಅಂದ್ರೆ ನಿಮ್ಮಪ್ಪನ ಜೀವಕ್ಕೆ ನೆಮ್ಮದಿ ಇಲ್ಲ. ನನ್ನ ಮೊಮ್ಮಗನ್ನ ನೋಡು, ಒಂದೇ ಏಟಿಗೆ ಸೀಟು ಹೊಡ್ಕೊಂಡ.”

ಮಗಳು ಸುಮ್ಮನೆ ತಲೆಯಾಡಿಸಿದಳು. ಹೋದ ವರ್ಷವೂ ಹೀಗೇ ತಲೆಯಾಡಿಸಿ ಎದ್ದುಹೋಗಿದ್ದಳು.

*

ಅಂದು ಫಲಿತಾಂಶದ ದಿನ. ಬೆಳಗಿನಿಂದ ಫೋನಿನ ಮೇಲೆ ಫೋನು: “ಎಷ್ಟು ಬಂತು?” ಮಧ್ಯಾಹ್ನ ಮಗಳ ಕೋಣೆಯ ಚಿಲಕ ಬಿತ್ತು. ಕರೆದರೆ ಉತ್ತರವಿಲ್ಲ. ಎಂಥ ಮೊಂಡು ಬೀಗವನ್ನೂ ಮುದ್ದು ಮಾಡಿ ತೆಗೆಯುತ್ತಿದ್ದ ಗಂಡ ಅಂದು ಹಾರೆ ಹಾಕಿ ಬಾಗಿಲನ್ನೇ ಮೀಟಿದ. ಒಳಗೆ ಕಂಡದ್ದನ್ನು ಇಬ್ಬರೂ ಯಾರಿಗೂ ಹೇಳಲಿಲ್ಲ, ತಮ್ಮತಮ್ಮಲ್ಲೂ ಆಡಿಕೊಳ್ಳಲಿಲ್ಲ. ಆಸ್ಪತ್ರೆಯಿಂದ ಮಗಳನ್ನು ಕರೆತಂದ ಸಂಜೆಯೇ ಅವನು ಒಳಚಿಲಕಗಳನ್ನೆಲ್ಲ ಬಿಚ್ಚಿ ಹಾಕಿದ. ಬಚ್ಚಲಿನದ್ದನ್ನೂ ಬಿಡಲಿಲ್ಲ.

“ತುಕ್ಕು ಹಿಡಿದಿತ್ತು,” ಎಂದ.

“ಹೂಂ, ತುಕ್ಕು,” ಎಂದಳು ಹೆಂಡತಿ.

ಅಂದಿನಿಂದ ಯಾರೇ ಬಚ್ಚಲಿಗೆ ಹೋದರೂ ಹಾಡಿಕೊಂಡೇ ಇರಬೇಕು. ಮಗಳ ಹಾಡು ನಿಂತರೆ ಗಂಡನ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು. ಇಷ್ಟಾಗಿಯೂ ಅವನೇ ಹೋಗಿ ಅವಳನ್ನು ಮತ್ತೆ ಕೋಚಿಂಗ್ ಕ್ಲಾಸಿಗೆ ಸೇರಿಸಿ ಬಂದ. ತಾಯಿಯೂ ಬುತ್ತಿ ಕಟ್ಟಿ ಕಳಿಸಿದಳು. ಬೇಡ ಬಿಡು ಮಗಳೇ ಎನ್ನುವ ಮಾತು ಮಾತ್ರ ಇಬ್ಬರ ಬಾಯಿಗೂ ಬರಲಿಲ್ಲ.

*

ಬಡಗಿ ಕೈಯ ಮರದ ಪುಡಿ ಒರೆಸಿಕೊಳ್ಳುತ್ತ ಬಂದು ಸತ್ತವನ ಹೆಂಡತಿಯ ಪಕ್ಕ ಕುಕ್ಕರಿಸಿದ.

“ಅಕ್ಕಾ, ಜನ ಆಡ್ಕೊಳ್ಳೋದು ನನಗೆ ತಡೀಲಿಲ್ಲ. ಅವನಂಗಡೀದೇ ಚಿಲಕ ತಂದು ಬಚ್ಚಲಿಗೊಂದು, ಕೋಣೆಗೊಂದು ಹಾಕ್ಬಿಟ್ಟೆ. ಹೋಗೋ ಹೊತ್ತಲ್ಲಿ ಅವನ ಮರ್ಯಾದೆ ಉಳೀಲಿ.”

ಅವಳು ಹೆಣದ ಕಾಲ ಬಳಿ ನೋಡಿದಳು. ಮಗಳಿಲ್ಲ.

ಕೋಣೆಯ ಬಾಗಿಲು ಮುಚ್ಚಿತು. ಎಣ್ಣೆ ಹಾಕಿದ ಹೊಸ ಚಿಲಕ ನುಣ್ಣಗೆ ಸರಿದು ಟಕ್ಕೆಂದು ಬಿತ್ತು.

“ಗಾಡಿ ಬಂತು, ಎತ್ತೋಣ,” ಎಂದರು ಯಾರೋ.

ಅವಳು ಗಂಡನನ್ನು ದಾಟಿಕೊಂಡೇ ಓಡಿದಳು. “ಹೆಣ ದಾಟ್ತೀಯಲ್ಲೇ!” ಗಂಡನ ಅಕ್ಕ ಚೀರಿದಳು.

“ಪುಟ್ಟೀ, ಒಂದು ಹಾಡು ಹೇಳೇ.” ಸದ್ದಿಲ್ಲ. “ಬೈಯಾದ್ರೂ ಬೈಯೇ.” ಸದ್ದಿಲ್ಲ. “ಅಣ್ಣಾ, ಹಾರೆ ತಗೊಂಬಾ!” ಹಣೆಯನ್ನು ಬಾಗಿಲಿಗೆ ಒತ್ತಿದಳು. “ಪರೀಕ್ಷೆ ಬೇಡ ಕಣೇ. ನನಗೆ ಡಾಕ್ಟರು ಬೇಡ, ನೀನು ಬೇಕು.”

“ನಾಲ್ಕು ಜನದ ಮುಂದೆ ಇದೇನು ಮಾತು? ಅವನ ಆಸೆ...”

“ಅವರಿಗೂ ಬೇಡವಾಗಿತ್ತು ಅತ್ತಿಗೆ. ಹೇಳೋಕೆ ಬಾಯಿ ಬರ್ಲಿಲ್ಲ, ಅಷ್ಟೇ.” ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ.

ಬಡಗಿ ಹಾರೆಯನ್ನು ಸಂದಿಗೆ ಇಟ್ಟ. ಅಷ್ಟರಲ್ಲಿ ಒಳಗೆ ಯಾರೋ ಮೂಗೆಳೆದುಕೊಂಡ ಸದ್ದು. ಚಿಲಕ ಸರಿಯಿತು. ಗೇಣಗಲ ತೆರೆದ ಬಾಗಿಲಿನಿಂದ ತಣ್ಣನೆಯ ಕೈಯೊಂದು ಬಂದು ಅವಳ ಮುಂಗೈ ಹಿಡಿದು ಒಳಗೆಳೆದುಕೊಂಡಿತು. ಅತ್ತಿಗೆ ಹಿಂದೆಯೇ ನುಗ್ಗುವಷ್ಟರಲ್ಲಿ ಚಿಲಕ ಮತ್ತೆ ಬಿತ್ತು.

ಹೊರಗೆ ಗಾಡಿಯ ಇಂಜಿನ್ನು ಗುರುಗುಡುತ್ತಿತ್ತು. ನಡುಮನೆಯಲ್ಲಿ ಚಿಲಕದಣ್ಣ ಒಬ್ಬನೇ ಮಲಗಿದ್ದ. ಬಂದವರೆಲ್ಲ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು. ಬಡಗಿ ಹಾರೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ.