ಫಕೀರವ್ವನ ಮಾಳಿಗೆಯ ಮೇಲೆ ನಾನು

ನಾನು ಒಂದು ಸೌರಫಲಕ. ಹಳ್ಳಿಯವರ ಬಾಯಲ್ಲಿ ಸೋಲಾರ್ ತಗಡು. ದೂರದ ಕಾರ್ಖಾನೆಯಲ್ಲಿ ನೀಲಿ ಬಿಲ್ಲೆಗಳನ್ನು ಗಾಜಿನಡಿ ಸಾಲಾಗಿ ಜೋಡಿಸಿ, ಸುತ್ತ ಅಲ್ಯೂಮಿನಿಯಂ ಚೌಕಟ್ಟು ಬಿಗಿದು ನನ್ನನ್ನು ಲಾರಿ ಹತ್ತಿಸಿದರು. ಇಳಿಸುವಾಗ ಚೌಕಟ್ಟಿನ ಮೂಲೆ ಬಾಗಿತು. ಅಂಗಡಿಯವನು ಬೇಡವೆಂದ. ಹಾಗಾಗಿ ಗದಗಿನ ತರಬೇತಿ ಕೇಂದ್ರವೊಂದರ ಪಾಲಾದೆ. ಅಲ್ಲಿ ಕಲಿಯಲು ಬಂದವರೆಲ್ಲ ನನ್ನನ್ನು ಎತ್ತಿದರು, ಇಳಿಸಿದರು, ನನ್ನ ತಂತಿಗಳನ್ನು ತಪ್ಪಾಗಿ ಜೋಡಿಸಿ ಬೈಸಿಕೊಂಡರು.

ಆ ಗುಂಪಿನಲ್ಲಿದ್ದ ಒಬ್ಬಳೇ ಹೆಂಗಸು ಫಕೀರವ್ವ. ಬಟ್ಟೆ ಹೊಲಿದು ಬದುಕುವವಳು. ಅವಳ ಮನೆ ಊರ ಹೊರಗೆ, ಗುರುಪಾದಗೌಡನ ಹೊಲಕ್ಕೆ ಅಂಟಿಕೊಂಡಿತ್ತು. ಕರೆಂಟು ಬರಬೇಕಾದರೆ ಆ ಹೊಲದಲ್ಲಿ ಕಂಬ ನಿಲ್ಲಬೇಕು. ಗೌಡ ಬಿಡಲಿಲ್ಲ. ಕೆರೆಯ ದಾರಿಗೆ ಅವನು ಬೇಲಿ ಹಾಕಿಸಿದ್ದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಿದವಳು ಅವಳೇ. "ಆಕಿ ಬಂದು ತಪ್ಪಾತು ಅನ್ಲಿ, ಮರುದಿನಾನ ಕಂಬ ನಿಲ್ತೈತಿ" ಎಂದು ಅವನು ಹೇಳಿಕಳಿಸಿದ. ಅವಳು ಅಲ್ಲಿಗೆ ಹೋಗಲಿಲ್ಲ, ತರಬೇತಿಗೆ ಬಂದಳು.

ಕಲಿಸುತ್ತಿದ್ದ ಮೌಲಾಸಾಬರು ಮೊದಲ ದಿನವೇ ಕೇಳಿದರು: "ಮಾಳಿಗಿ ಹತ್ತಾಕ ಹೆದ್ರಂಗಿಲ್ಲೇನವಾ?"

"ಕೆಳಗ ನಿಂತು ಬೇಡಾಕ ಹೆದ್ರತೀನ್ರಿ" ಎಂದಳು.

ಎಷ್ಟು ದೀಪ ಎಷ್ಟು ಹೊತ್ತು ಉರಿಯಬೇಕು, ಹೊಲಿಗೆ ಯಂತ್ರದ ಮೋಟರು ಎಷ್ಟು ಕರೆಂಟು ಎಳೆಯುತ್ತದೆ, ಮೋಡ ಕವಿದ ದಿನಗಳಿಗೆಂದು ಬ್ಯಾಟರಿಯಲ್ಲಿ ಎಷ್ಟು ಉಳಿದಿರಬೇಕು, ಇಷ್ಟು ಲೆಕ್ಕವಾದ ಮೇಲೆಯೇ ಫಲಕದ ಮಾತು ಎನ್ನುತ್ತಿದ್ದರು ಮೌಲಾಸಾಬರು. ಫಕೀರವ್ವ ರವಿಕೆಗೆ ಅಳತೆ ತೆಗೆದಂತೆ ತನ್ನ ಮನೆಗೆ ಅಳತೆ ತೆಗೆದಳು. ಒಮ್ಮೆ ತಂತಿ ಅದಲುಬದಲು ಮಾಡಿ ಫ್ಯೂಸು ಸುಟ್ಟಳು. ಗಂಡಸರು ನಕ್ಕರು. ಅವಳು ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಳು.

ತರಬೇತಿ ಮುಗಿದಾಗ ಕೇಂದ್ರದವರು ನನ್ನನ್ನು ಅವಳಿಗೇ ಕೊಟ್ಟರು. ಅವಳ ಗಂಡ ದೇವಪ್ಪ ಗೋಡೆ ಕಟ್ಟುವ ಗೌಂಡಿ. ಅವನು ಏಣಿ ಹಿಡಿದ, ಅವಳು ಹತ್ತಿದಳು. ನನ್ನ ಮುಖವನ್ನು ದಕ್ಷಿಣಕ್ಕೆ ತಿರುಗಿಸಿ, ಗಾಳಿಗೆ ಕಿತ್ತುಹೋಗದಂತೆ ಬೋಲ್ಟು ಬಿಗಿದಳು. ಮೊದಲು ಬ್ಯಾಟರಿಯ ತಂತಿ, ಆಮೇಲೆ ನನ್ನದು. ಅಂದು ಸಂಜೆ ಆ ಮನೆಯಲ್ಲಿ ದೀಪ ಹತ್ತಿತು. ದೇವಪ್ಪ ಅದನ್ನು ಸುಮ್ಮನೆ ಆರಿಸಿ, ಹಚ್ಚಿ, ಮತ್ತೆ ಆರಿಸಿ ನೋಡಿದ.

ಗೌಡನ ಹೊಟ್ಟೆ ಉರಿಯಿತು. ದೀಪಾವಳಿ ಕಳೆದ ಮೇಲೆ ತನ್ನ ಹೊಲದ ಅಂಚಿಗೆ, ಸರಿಯಾಗಿ ನಮ್ಮ ದಕ್ಷಿಣಕ್ಕೆ, ಮೇವಿನ ದೊಡ್ಡ ಬಣವೆ ಒಟ್ಟಿಸಿದ. ಚಳಿಗಾಲದಲ್ಲಿ ಸೂರ್ಯ ಆ ಕಡೆಗೇ ವಾಲುತ್ತಾನೆ. ಒಂದು ಬದಿಗೆ ನೆರಳು ಬಿದ್ದರೂ ನನ್ನ ಬಲವೆಲ್ಲ ಕುಸಿಯುತ್ತದೆ. ದೀಪ ಮಂಕಾಯಿತು, ಹೊಲಿಗೆ ಯಂತ್ರ ನಿಂತಿತು. ಮದುವೆ ಮನೆಯ ಬಟ್ಟೆಗಳು ಅರ್ಧಕ್ಕೆ ಉಳಿದವು.

"ಒಂದ್ ಮಾತು ಹೋಗಿ ಹೇಳಿ ಬಂದ್ರ ಮುಗೀತಿತ್ತು" ಎಂದ ದೇವಪ್ಪ.

"ಏನಂತ ಹೇಳ್ಲಿ? ದಾರಿ ನಮ್ದಲ್ಲ ಅಂತನ? ಬಿಸಲೂ ನಮ್ದಲ್ಲ ಅಂತನ?"

ಬಟ್ಟೆಗೆ ಗೆರೆ ಎಳೆಯುವ ಬಳಪ ಹಿಡಿದು ಫಕೀರವ್ವ ಮಾಳಿಗೆ ಹತ್ತಿದಳು. ದಿನವಿಡೀ ಕೂತು, ನೆರಳು ಸರಿದಂತೆಲ್ಲ ಅದರ ಅಂಚಿಗೆ ಗೆರೆ ಹಾಕಿದಳು. ಸಂಜೆಯ ಹೊತ್ತಿಗೆ ಉತ್ತರದ ಗೋಡೆಯ ಪಕ್ಕ ಗೆರೆಯೇ ಮುಟ್ಟದ ಒಂದು ಪಟ್ಟಿ ಉಳಿದಿತ್ತು. ಅದನ್ನು ನೋಡಿ ದೇವಪ್ಪ ಕೆಳಗಿಳಿದು ಕಬ್ಬಿಣದ ಕೊಳವೆ ಹೊತ್ತು ತಂದ. ಇಬ್ಬರೂ ಸೇರಿ ಅಲ್ಲಿ ಎತ್ತರದ ಕಾಲು ನಿಲ್ಲಿಸಿ ನನ್ನನ್ನು ಏರಿಸಿದರು.

ಹೊಲದಲ್ಲಿ ನಿಂತು ಗೌಡ ಕೂಗಿದ: "ಏನ್ ಫಕೀರವ್ವ, ಬಣವಿ ಇನ್ನೂ ಎತ್ರ ಮಾಡಸ್ಲೇನು?"

"ಮಾಡಸ್ರಿ ಗೌಡ್ರ. ನನ್ ಬಳಪ ಇನ್ನೂ ಸವದಿಲ್ಲ."

ಬಣವೆ ಬೆಳೆಯಲಿಲ್ಲ. ದನಗಳು ತಿಂದು ಅದು ತಾನಾಗಿ ಕರಗಿತು.

ಆಮೇಲೆ ಹೊಲದಂಚಿನ ಮನೆಗಳವರು ಒಬ್ಬೊಬ್ಬರಾಗಿ ಫಲಕ ಕೂರಿಸಲು ಫಕೀರವ್ವನನ್ನು ಕರೆಯತೊಡಗಿದರು. ಅವಳು ಎಷ್ಟೋ ಮಾಳಿಗೆ ಹತ್ತಿದಳು. ಕೊನೆಗೆ ಜನರೇ ಸೇರಿ ಕೆರೆಯ ದಾರಿಯ ಬೇಲಿ ಕಿತ್ತುಹಾಕಿದರು. ಎತ್ತರದಿಂದ ನಾನು ಅದನ್ನೂ ನೋಡಿದೆ.

ವರ್ಷಗಳು ಕಳೆದವು. ನನ್ನ ಗಾಜಿನಡಿ ಹಳದಿ ಹರಡಿತು. ಅವಳು ನನ್ನ ಜಾಗದಲ್ಲಿ ದೊಡ್ಡ ಫಲಕ ಕೂರಿಸಿ, ನನ್ನನ್ನು ಅಂಗಳದ ಗೋಡೆಗೆ ಒರಗಿಸಿದಳು. ಒಂದು ದಿನ ಗುಜರಿಯವನು ಬಂದು, "ಸತ್ತ ತಗಡು, ಒಯ್ತೀನಿ ಬಿಡ್ರಿ" ಎಂದು ನನ್ನನ್ನು ಗಾಡಿಗೆ ಹಾಕಿಯೇಬಿಟ್ಟ.

ಫಕೀರವ್ವ ಒಳಗಿನಿಂದ ಮೀಟರ್ ತಂದು ನನ್ನ ತಂತಿಗಳಿಗೆ ಹಿಡಿದಳು. ಮುಳ್ಳು ಎದ್ದಿತು.

"ಸತ್ತೈತೇನು? ನೋಡಿ ಹೇಳು. ಇಳಸು ಕೆಳಗ."

ಅವನು ಇಳಿಸಿದ.

ಈಗ ನಾನು ಆಡಿನ ದೊಡ್ಡಿಯ ಮೇಲಿದ್ದೇನೆ. ಮೊದಲಿನ ಕಸುವಿಲ್ಲ, ಒಂದು ಸಣ್ಣ ದೀಪಕ್ಕೆ ಸಾಕಾಗುವಷ್ಟು ಮಾತ್ರ. ಮರಿಗಳು ಅದರ ಬೆಳಕಿನಲ್ಲಿ ಒತ್ತೊತ್ತಿ ಮಲಗುತ್ತವೆ. ಬಿಸಿಲು ಬಂದು ಮುಟ್ಟುತ್ತಿರುವವರೆಗೆ ನಾನು ಯಾರಿಗೂ ಗುಜರಿಯಲ್ಲ.